ಆರ್ಚಿಯ ಉದ್ದ ಕಾಲುಚೀಲ

ನವೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ಡೂಗಲ್ ಪಿರೀಯ ಎಡಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಹೊರಗೆ ಇಣುಕಿತು. ಎಲ್ಲ ರಗಳೆಗೂ ಅದೇ ಮೂಲ.

"ಅದನ್ನ ಹಾಕ್ಕೊಂಡು ಬೆಟ್ಟ ಹತ್ತುತ್ತೀಯಾ?" ಹೆಂಡತಿ ಊನಾ ಕೇಳಿದಳು. "ಗಿಣ್ಣು ಕೂಡ ಮುಚ್ಚಲ್ಲ. ಹೋದ ವರ್ಷ ಇದೇ ಹಾಕ್ಕೊಂಡು ತಾನೇ ಕೊನೆಗೆ ಬಂದಿದ್ದು?"

"ಅದರ ಹಿಂದಿನ ವರ್ಷಾನೂ ಇದೇ," ಎಂದು ಡೂಗಲ್ ಆಕಳಿಸಿದ.

ಡೂಗಲ್ ಕಾರಿಬರ್ನ್ ಊರಿನ ಬೇಕರಿಯವನು. ವಾರದಲ್ಲಿ ಆರು ದಿನ ಬೆಳಗಿನ ಜಾವ ಮೂರಕ್ಕೆ ಎದ್ದು ಹಿಟ್ಟು ನಾದುವವನಿಗೆ ನಿದ್ದೆ ಅಂತ ಉಳಿದದ್ದು ಭಾನುವಾರ ಒಂದೇ. ಅದನ್ನೂ ಊರಿನ ಬೆಟ್ಟದ ಸೈಕಲ್ ಸಂಘ ಕಿತ್ತುಕೊಂಡಿತ್ತು. ಸಂಘ ಬಿಟ್ಟುಬಿಡೋಣವೆಂದರೆ ಅದರ ಕಾರ್ಯದರ್ಶಿ ಮನೆಯೊಳಗೇ ಇದ್ದಳು.

ಸಂಘದ್ದೊಂದು ಹಳೇ ಕಟ್ಟಳೆ. ನವೆಂಬರಿನ ಮೊದಲ ಭಾನುವಾರ ಎಲ್ಲರೂ ಬೆಟ್ಟ ಸುತ್ತಿ, ಬುಡದ ಕಾಡಿನ ಗುಡಿಸಲು ಸೇರಬೇಕು. ಅಲ್ಲಿಗೆ ಕೊನೆಗೆ ಬಂದವರು ವಸಂತದವರೆಗೆ ಪ್ರತಿ ಭಾನುವಾರ ಎಲ್ಲರಿಗೂ ಚಹಾ ಮಾಡಬೇಕು. ಅಂದರೆ ಉಳಿದವರಿಗಿಂತ ಎರಡು ಗಂಟೆ ಮೊದಲೇ ಹೋಗಿ ಒಲೆ ಹೊತ್ತಿಸಬೇಕು, ಹಳ್ಳದಿಂದ ನೀರು ಹೊರಬೇಕು, ಹನ್ನೆರಡು ಲೋಟ ತೊಳೆಯಬೇಕು. ಮೂರು ವರ್ಷದಿಂದ ಆ ಪಟ್ಟ ಡೂಗಲ್‌ಗೇ. ಅವನ ಕಾಲಿಗೆ ಶಕ್ತಿಯಿಲ್ಲ ಅಂತಲ್ಲ. ಕೆಸರು ನೀರು ಬೂಟಿನೊಳಗೆ ಇಳಿದ ಕೂಡಲೇ ಬೆರಳುಗಳು ಮರಗಟ್ಟುತ್ತಿದ್ದವು. ಅವನು ಇಳಿದು, ಬೂಟು ಬಿಚ್ಚಿ ಕಾಲು ಉಜ್ಜಿಕೊಳ್ಳುವಾಗ ಊರಿಗೆ ಊರೇ ಮುಂದೆ ಹೋಗಿರುತ್ತಿತ್ತು. ಈ ಚಳಿಗಾಲದಲ್ಲಾದರೂ ಭಾನುವಾರ ಎಂಟರವರೆಗೆ ಮಲಗಬೇಕು ಎಂಬುದೊಂದೇ ಅವನ ಆಸೆ. ಅವನೇನು ಸ್ವರ್ಗ ಕೇಳಿರಲಿಲ್ಲ.

ಹೊರಗೆ ಮಳೆ ಅಡ್ಡಡ್ಡ ಬೀಳುತ್ತಿತ್ತು. ಚೌಕದ ಸೈಕಲ್ ಅಂಗಡಿಗೆ ಹೋಗಿ, ಉದ್ದನೆಯ ಬೆಚ್ಚನೆ ಸಾಕ್ಸ್ ಬೇಕು ಎಂದ. ಅಂಗಡಿಯ ಫಿನ್ಲೇ ಸಂಘದ ನಾಯಕನೂ ಹೌದು. ಗಿರಾಕಿಗೆ ಬೇಕಾದದ್ದನ್ನು ಬಿಟ್ಟು ಬೇರೆಲ್ಲ ಮಾರುವುದರಲ್ಲಿ ಅವನದು ಎತ್ತಿದ ಕೈ.

"ಇದು ತಗೋ. ನೀರೇ ಹೋಗದ ಸಾಕ್ಸು. ಹೊಳೇಲಿ ನಿಂತ್ಕೊಂಡ್ರೂ ಕಾಲು ಒಣಗಿರತ್ತೆ. ನಾನೂ ಇದೇ ಹಾಕಿರೋದು."

"ನೀರು ಮೇಲಿಂದ ಬಂದ್ರೆ?"

"ಮೇಲಿಂದ ಯಾಕಪ್ಪಾ ಬರತ್ತೆ?" ಎಂದು ಫಿನ್ಲೇ ಕಿಟಕಿಯಾಚೆಯ ಮಳೆಗೆ ಬೆನ್ನು ತಿರುಗಿಸಿ ನಿಂತ.

ಅಷ್ಟರಲ್ಲಿ ಶಾಲೆಯ ರಾಮ್ಸೆ ಮಾಸ್ತರು ಒಳಗೆ ಬಂದರು. "ಸುಮ್ನೆ ದುಡ್ಡು ಹಾಳು ಮಾಡ್ಬೇಡವೋ. ಎರಡು ಜೊತೆ ಸಾಕ್ಸು, ಮಧ್ಯೆ ಒಂದು ಪ್ಲಾಸ್ಟಿಕ್ ಚೀಲ. ಮುಗೀತು." ಪ್ಯಾಂಟು ಮೇಲೆತ್ತಿ ತೋರಿಸಿದರು. ಅವರ ಮೊಣಕಾಲ ಕೆಳಗೆ 'ಪಿರೀ ಬೇಕರಿ, ದಿನಾ ತಾಜಾ ಬ್ರೆಡ್ಡು' ಎಂಬ ಅಕ್ಷರ ಕಂಡಿತು.

ಡೂಗಲ್ ಎರಡು ಜೊತೆ ಹಾಕಿ ನೋಡಿದ. ಬೂಟಿನೊಳಗೆ ಬೆರಳುಗಳು ಉಪ್ಪಿನಕಾಯಿ ಜಾಡಿಯ ಮಿಡಿಯಂತೆ ಒತ್ತಿಕೊಂಡವು. ಒಂದು ಜೊತೆ ತೆಳ್ಳನೆಯದು ಹಾಕಿದ, ಗಾಳಿ ನುಗ್ಗಿತು. ಹತ್ತಿಯದು ಹಾಕಿದ. "ಹತ್ತೀದಾ? ಒದ್ದೆ ಆದ್ರೆ ಸತ್ತೇ ಹೋಗ್ತೀಯ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಆ ಬೆಳಿಗ್ಗೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಬರಿಗೈಯಲ್ಲಿ ಹೊರಬಿದ್ದ ಡೂಗಲ್‌ಗೆ ಆಗಲೇ ಸುಸ್ತಾಗಿತ್ತು, ಬೆಟ್ಟ ಇನ್ನೂ ಅಲ್ಲೇ ಇತ್ತು.

ಪಕ್ಕದ ಮನೆಯ ಎಲ್ಸ್‌ಪೆತ್ ಅಜ್ಜಿ ಗೇಟಿನ ಹತ್ತಿರ ನಿಂತಿದ್ದಳು.

"ಯಾಕೋ ಮಗಾ, ಸಾವಿನ ಮನೆಯಿಂದ ಬಂದೋನ ಥರ ಮುಖ ಮಾಡ್ಕೊಂಡಿದ್ದೀಯ?"

"ಕಾಲು ಬೆಚ್ಚಗಿರೋಕೆ ಏನು ಮಾಡ್ಬೇಕು ಅಜ್ಜಿ? ಅದೊಂದು ಹೇಳಿ ಸಾಕು."

ಅಜ್ಜಿ ಒಳಗೆ ಹೋಗಿ ಒಂದು ಜೊತೆ ಕಾಲುಚೀಲ ತಂದಳು. ಕೈಯಲ್ಲಿ ಹೆಣೆದ ಕಂದು ಉಣ್ಣೆಯವು, ಮೊಣಕಾಲಿಗೆ ಬಂದು ಮತ್ತೆ ಮಡಚುವಷ್ಟು ಉದ್ದ. ತೀರಿಕೊಂಡ ಅವಳ ಗಂಡ ಆರ್ಚಿಯವು. ಈ ಬೆಟ್ಟದ ಸೈಕಲ್ ದಾರಿಗಳನ್ನೆಲ್ಲ ಕಡಿದವನೇ ಅವನು. ಕಾಲುಚೀಲದಿಂದ ಮಳೆಯಲ್ಲಿ ನೆಂದ ಟಗರಿನ ವಾಸನೆ ಹೊಡೆಯುತ್ತಿತ್ತು.

"ಕುರಿ ಉಣ್ಣೇಲಿರೋ ಎಣ್ಣೆ ತೆಗೆಯದೇ ಹೆಣೆದಿದ್ದು. ಒದ್ದೆಯಾದ್ರೂ ಬೆಚ್ಚಗಿರತ್ತೆ. ಬೂಟಿನ ದಾರ ಬಿಗೀಬೇಡ, ಒಳಗೆ ಬೆರಳು ಆಡ್ತಿರಬೇಕು."

ಅವನ್ನು ಹಾಕಿಕೊಂಡು ಚೌಕಕ್ಕೆ ಬಂದವನನ್ನು ಕಂಡು ಸಂಘದ ಉಳಿದ ಹನ್ನೊಂದು ಮಂದಿಯೂ ನಕ್ಕರು. "ಕುರಿಮಂದೆಗೆ ದಾರಿ ಆ ಕಡೆ ಕಣೋ!" ಎಂದ ಫಿನ್ಲೇ. ಊನಾ ಬೇರೆಯವನ ಹೆಂಡತಿಯಂತೆ ದೂರ ಹೋಗಿ ನಿಂತಳು.

ಆದರೆ ಹಳ್ಳ ದಾಟುವಾಗ ಕತೆಯೇ ಬದಲಾಯಿತು. ಮಳೆಗೆ ಹಳ್ಳ ಮೊಣಕಾಲು ಮುಟ್ಟಿತ್ತು. ಫಿನ್ಲೇಯ ನೀರು ಹೋಗದ ಕಾಲುಚೀಲಕ್ಕೆ ಮೇಲಿಂದ ನೀರು ಹೋಯಿತು, ಹೋದದ್ದು ಹೊರಗೆ ಬರಲಿಲ್ಲ. ಕಾಲಿಗೆ ಎರಡು ಬಕೆಟ್ಟು ಕಟ್ಟಿಕೊಂಡವನಂತೆ ಅವನು ದಡದಲ್ಲಿ ಕುಕ್ಕರಿಸಿದ. ಮಾಸ್ತರ ಬ್ರೆಡ್ಡಿನ ಚೀಲ ಹರಿದು, ಅವರು ತಮ್ಮ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ಇವೆಯೋ ಇಲ್ಲವೋ ಎಂದು ನೋಡುತ್ತಿದ್ದರು. ಊನಾಳ ಹಲ್ಲು ಕಟಕಟ ಎನ್ನುತ್ತಿತ್ತು.

ಡೂಗಲ್ ಕೂಡ ನೆಂದಿದ್ದ. ಆದರೆ ಎರಡೇ ನಿಮಿಷದಲ್ಲಿ ಆರ್ಚಿಯ ಉಣ್ಣೆಯೊಳಗಿನ ನೀರು ಹದವಾಗಿ ಬೆಚ್ಚಗಾಯಿತು. ಅವನು ಬೆರಳು ಆಡಿಸಿ ನೋಡಿದ. ಹತ್ತೂ ಆಡಿದವು! "ಗುಡಿಸಲಲ್ಲಿ ಸಿಗ್ತೀನಿ!" ಎಂದು ಕೈಬೀಸಿ ಹೊರಟೇಬಿಟ್ಟ. ಹುಟ್ಟಿದ ಮೇಲೆ ಮೊದಲ ಸಲ ಅವನ ಮುಂದೆ ಯಾರ ಬೆನ್ನೂ ಇರಲಿಲ್ಲ.

ಮಂಜು ಮುಸುಕಿದ ಏರಿನಲ್ಲಿ ಎರಡು ಗಂಟೆ ಒಬ್ಬನೇ ತುಳಿದ. ತೊಡೆ ನೋಯುತ್ತಿತ್ತು, ಮೂಗು ಸುರಿಯುತ್ತಿತ್ತು, ಮನಸ್ಸಿನಲ್ಲಿ ಮಾತ್ರ ದಿಂಬು ಇತ್ತು. ನೆತ್ತಿಯಲ್ಲಿ ತಿರುಗಿ ನೋಡಿದರೆ ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಪಾಪ, ಎಷ್ಟು ಹಿಂದೆ ಬಿದ್ದರೋ ಎಂದು ಅವರ ಮೇಲೆ ಕನಿಕರವೂ ಹುಟ್ಟಿತು. ಅವಸರವೇನಿದೆ ಎಂದು ಬಂಡೆಯ ಮರೆಯಲ್ಲಿ ಕೂತು, ಜೇಬಿನ ಮಾಂಸದ ಕಡುಬನ್ನು ನಿಧಾನವಾಗಿ ತಿಂದ. ಬರುವ ಭಾನುವಾರ ಯಾವ ಮಗ್ಗುಲಿಗೆ ಮಲಗುವುದು ಎಂದು ಕೂಡ ಯೋಚಿಸಿದ.

ಇಳಿದು ಬಂದರೆ ಗುಡಿಸಲ ಹೊಗೆಗೂಡಿನಿಂದ ಹೊಗೆ ಏಳುತ್ತಿತ್ತು.

ಬಾಗಿಲು ತಳ್ಳಿದ. ಹನ್ನೊಂದು ಜೊತೆ ಬರಿಗಾಲು ಒಲೆಯ ಕಡೆ ಚಾಚಿಕೊಂಡಿದ್ದವು.

"ಬಂದ್ಯಾ?" ಎಂದ ಫಿನ್ಲೇ. "ಕಾದು ಕಾದು ಸಾಕಾಯ್ತು ಮಾರಾಯ. ಚಹಾ ಇಡು."

"ನೀವು... ನೀವು ಯಾವ ದಾರೀಲಿ ಬಂದ್ರಿ?"

"ಹಳ್ಳದ ಹತ್ರದಿಂದ ಕಾಡಿನ ರಸ್ತೆ ಇಲ್ವಾ? ನೇರ ಇಲ್ಲಿಗೇ ಬರತ್ತೆ. ಹತ್ತೇ ನಿಮಿಷ," ಎಂದರು ಮಾಸ್ತರು.

"ಬೆಟ್ಟ ಸುತ್ತಿದ್ದು ನಾನೊಬ್ನೇ! ನೀವ್ಯಾರೂ ಸುತ್ತೇ ಇಲ್ಲ!" ಡೂಗಲ್‌ನ ದನಿ ಒಡೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಅಳು ಬಂದಿತ್ತು. ಹೆಂಡತಿಯ ಕಡೆ ನೋಡಿದ. "ಊನಾ, ನೀನಾದ್ರೂ ಹೇಳೇ!"

ಊನಾ ಸಂಘದ ಪುಸ್ತಕವನ್ನು ಆಗಲೇ ತೆರೆದಿದ್ದಳು. "'ಗುಡಿಸಲಿಗೆ ಕೊನೆಗೆ ಬಂದವರು' ಅಂತಿದೆ. ಯಾವ ದಾರೀಲಿ ಅಂತ ಬರೆದಿಲ್ಲ. ನನ್ನ ಗಂಡ ಅಂತ ನಿಯಮ ಬದಲಾಯಿಸೋಕಾಗತ್ತಾ? ನಂಗೆ ಸಕ್ಕರೆ ಒಂದೇ ಚಮಚ."

ಡೂಗಲ್ ಹನ್ನೆರಡು ಲೋಟ ಚಹಾ ಮಾಡಿದ. ಹನ್ನೆರಡು ಲೋಟ ತೊಳೆದ. ಕಾಲು ಕೊನೆಯವರೆಗೂ ಬೆಚ್ಚಗೇ ಇತ್ತು.

ಸಂಜೆ ಕಾಲುಚೀಲ ಹಿಂದಿರುಗಿಸಲು ಹೋಗಿ ಅಜ್ಜಿಗೆ ಎಲ್ಲ ಹೇಳಿಕೊಂಡ. ಅವಳಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಆರ್ಚೀನೂ ಹಂಗೇ ಕಣೋ. ಮಳೆ ಬಂದ ವರ್ಷ ಎಲ್ರೂ ಹಳ್ಳದಿಂದ ಕಾಡಿನ ರಸ್ತೆ ಹಿಡಿಯೋರು, ಇವನೊಬ್ನೇ ಬೆಟ್ಟ ಸುತ್ತೋನು. ಹತ್ತೊಂಬತ್ತು ವರ್ಷ ಚಹಾ ಮಾಡ್ದ."

"ಹತ್ತೊಂಬತ್ತು ವರ್ಷಾನಾ? ಬೆಳಿಗ್ಗೇನೇ ಹೇಳ್ಬಾರದಿತ್ತಾ ಅಜ್ಜಿ?"

"ನೀನು ಕೇಳಿದ್ದು ಕಾಲು ಬೆಚ್ಚಗಿರೋಕೆ ಏನು ಮಾಡ್ಬೇಕು ಅಂತ." ಅಜ್ಜಿ ಕಾಲುಚೀಲವನ್ನು ಅವನ ಕೈಗೇ ವಾಪಸ್ಸು ತುರುಕಿದಳು. ಕಪಾಟಿನಿಂದ ಮಾಸಿದ ಬಟ್ಟೆಯೊಂದನ್ನು ತೆಗೆದು ಅದರ ಮೇಲಿಟ್ಟಳು. "ಇದೂ ಅವಂದೇ, ಲೋಟ ಒರೆಸೋ ಬಟ್ಟೆ. ಇಟ್ಕೋ ಮಗಾ, ಬೇಕಾಗತ್ತೆ."