ಮುಂದಿನ ಸೀಟಿನ ಪೀಪಾಯಿ

ಯಾವುದೇ ವಸ್ತು ಕೊಳ್ಳುವ ಮೊದಲು ನಾಲ್ಕು ಜನರನ್ನು ಕೇಳಬೇಕು ಎನ್ನುತ್ತಾರೆ. ನಾನು ಕೊಂಡ ಮೇಲೆ ಕೇಳುವವನು. ಮೊದಲೇ ಕೇಳಿದರೆ ಬೇಡ ಎಂದುಬಿಡುತ್ತಾರೆ. ಆಮೇಲೆ ಕೇಳಿದರೆ ಪಾಪ ಎಂದು ಏನಾದರೊಂದು ದಾರಿ ಹೇಳುತ್ತಾರೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ಎಸ್ಟೇಟಿನ ಬಿಳಿ ದೊರೆ ತೋಟ ಮಾರಿ ಸೀಮೆಗೆ ಹೊರಟಾಗ ಅವನ ಕಾರು ನನ್ನ ಅಂಗಳಕ್ಕೆ ಬಂದು ನಿಂತದ್ದೂ ಹೀಗೆಯೇ. ಸಿದ್ದಾಪುರದ ಹತ್ತಿರದ ಆ ತೋಟದಲ್ಲಿ ನಾನು ರೈಟರ್. ರೈಟರ್ ಎಂದರೆ ಕತೆ ಬರೆಯುವವನಲ್ಲ, ಕಾಫಿ ಹಣ್ಣಿನ ಪಿಕಿಂಗಿಗೆ ಬಂದ ಆಳುಗಳ ಹಾಜರಿ ಬರೆಯುವವನು. ನನ್ನ ಕೈಬರಹ ಮುತ್ತು ಪೋಣಿಸಿದ ಹಾಗಿದೆ ಎಂದು ದೊರೆಯೇ ಹೇಳುತ್ತಿದ್ದ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಆ ಕಾರಿಗೊಂದು ವಿಶೇಷವಿತ್ತು. ದೊರೆಗೆ ಓಟದ ಹುಚ್ಚು. ಇಂಜಿನ್ನಿಗೆ ಸಾಮಾನ್ಯವಾಗಿ ಸಿಗುವ ಗಾಳಿ ಸಾಲದೆಂದು, ಗಾಳಿಯನ್ನು ಒತ್ತಿ ಒಳಗೆ ತುರುಕುವ ಬ್ಲೋವರ್ ಎಂಬ ಯಂತ್ರವನ್ನು ಸೀಮೆಯಿಂದ ತರಿಸಿ ಹಾಕಿಸಿದ್ದ. ಸಮನೆಲದಲ್ಲಿ ಕಾರು ಹಾರುತ್ತಿತ್ತು. ದುರದೃಷ್ಟಕ್ಕೆ ಕೊಡಗಿನಲ್ಲಿ ಸಮನೆಲ ಎಂಬುದು ಕಾಫಿ ಒಣಗಿಸುವ ಕಣ ಒಂದೇ. ಚೆಟ್ಟಳ್ಳಿ ದಾಟಿ ಮಡಿಕೇರಿಯ ಏರು ಹತ್ತಿದರೆ ಇಂಜಿನ್ ಟಕಟಕ ಎಂದು ಹಲ್ಲು ಕಡಿದು, ಒಂದು ದೊಡ್ಡ ತಿರುವಿನಲ್ಲಿ ನಿಂತುಬಿಡುತ್ತಿತ್ತು. ಮೂರು ಸಲ ಅದೇ ತಿರುವು. ಮೂರು ಸಲವೂ ನನ್ನ ಹೆಂಡತಿ ಗಂಗಮ್ಮ ಇಳಿದು, ಸೆರಗು ಕೊಡವಿಕೊಂಡು, ಹಿಂದೆ ಬಂದ ಬಸ್ಸು ಹತ್ತಿದಳು. ಆಮೇಲಾಮೇಲೆ ಕೈ ತೋರಿಸುವ ಅಗತ್ಯವೂ ಇರಲಿಲ್ಲ. ನಮ್ಮ ಕಾರು ಕಂಡರೆ ಡ್ರೈವರ್ ತಾನಾಗಿಯೇ ಬ್ರೇಕ್ ಹಾಕುತ್ತಿದ್ದ.

ಹೀಗಿರುವಾಗ ಗಂಗಮ್ಮನ ತಂಗಿಯ ಮದುವೆ ಮಡಿಕೇರಿಯಲ್ಲಿ ನಿಶ್ಚಯವಾಯಿತು. ಗಂಗಮ್ಮ ಜಗಳ ಮಾಡುವವಳಲ್ಲ, ತೀರ್ಪು ಕೊಡುವವಳು. "ಮುಹೂರ್ತಕ್ಕೆ ಮೊದಲು ಈ ಕಾರೇ ನನ್ನನ್ನು ಮದುವೆ ಮನೆ ಬಾಗಿಲಿಗೆ ಮುಟ್ಟಿಸಿದರೆ, ಅದು ನಮ್ಮ ಅಂಗಳದಲ್ಲೇ ಇರಲಿ, ಸಾಯುವವರೆಗೂ ನಾನು ಚಕಾರ ಎತ್ತಲ್ಲ. ಬಸ್ಸಲ್ಲಿ ಹೋಗಬೇಕಾಯ್ತು ಅಂತಾದರೆ, ಮಾರನೇ ವಾರ ಶನಿವಾರಸಂತೆಗೆ ಎತ್ತಿನಗಾಡಿಯಲ್ಲಿ ಕಟ್ಟಿ ಕಳಿಸಿ, ತೂಕಕ್ಕೆ ಕೊಟ್ಟುಬಿಡಿ" ಎಂದಳು. ನನಗೆ ಅಳು ಬಂತು. ಆ ಕಾರಿನಲ್ಲಿ ಕುಳಿತಾಗ ಮಾತ್ರ ಕೂಲಿ ಲೈನಿನ ಜನ ನನಗೆ ನಮಸ್ಕಾರ ಮಾಡುತ್ತಿದ್ದರು. ದಾರಿ ಬಿಡುವುದಕ್ಕೆ ಕೈ ಎತ್ತುತ್ತಿದ್ದರು ಎಂದು ಗಂಗಮ್ಮ ಹೇಳುತ್ತಾಳೆ. ಅವಳ ಮಾತಿಗೆ ಏನು.

ರೋಗದ ಮೂಲ ನನಗೆ ಗೊತ್ತಿತ್ತು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರಿಗೆಲ್ಲ ಅದರ ತುದಿ ಸುಟ್ಟ ಅನುಭವವಿದೆ. ಆ ಬಿಸಿ ಗಾಳಿಯನ್ನು ಇಂಜಿನ್ನಿಗೆ ಹೋಗುವ ಮೊದಲು ತಣ್ಣಗೆ ಮಾಡಬೇಕು. ಯಾವುದರಿಂದ? ಗಾಳಿಯಿಂದಲೋ, ನೀರಿನಿಂದಲೋ? ಕೊಳವೆಯನ್ನು ಕಾರಿನ ಮೂತಿಗೆ ತಂದು ಬೀಸುವ ಗಾಳಿಗೆ ಒಡ್ಡಿದರೆ ಸಾಕು ಎಂದು ಸಿದ್ದಾಪುರದ ಮೆಕ್ಯಾನಿಕ್ ಹೇಳಿದ. ಸರಿಯೇ. ಆದರೆ ಗಾಳಿ ಬೀಸಬೇಕಾದರೆ ಕಾರು ಓಡಬೇಕು, ಓಡಬೇಕಾದರೆ ಗಾಳಿ ತಣ್ಣಗಾಗಬೇಕು. ಏರಿನಲ್ಲಿ ನಮ್ಮ ಕಾರಿನ ವೇಗಕ್ಕೆ ನೊಣವೂ ಹೆದರುತ್ತಿರಲಿಲ್ಲ. ನೀರಾದರೋ ನಿಂತಲ್ಲೇ ತಂಪು ಕೊಡುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗುತ್ತದೆ, ಬದಲಾಯಿಸಬೇಕು. ಎರಡು ದಿನ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದು ನೋಡಿದೆ. ಕೊನೆಗೆ ನೀರೇ ಗೆದ್ದಿತು. ಕೊಡಗಿನಲ್ಲಿ ತಿರುವಿಗೊಂದು ತೊರೆ ಇರುವಾಗ ನೀರಿಗೇನು ಬರ?

ಕೆಲಸಕ್ಕೆ ಸಿಕ್ಕವನು ನಮ್ಮ ತೋಟದ ಫಿಟ್ಟರ್ ಬೆಳ್ಳಿಯಪ್ಪ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೆಟ್ಟರೆ ಮೂರು ದಿನ ತಲೆ ಕೆರೆದುಕೊಳ್ಳುವ ಆಸಾಮಿ. ನನ್ನ ಚಿತ್ರ ನೋಡಿದವನೇ ಮುಖ ಅರಳಿಸಿ, "ಇಷ್ಟೇನಾ ರೈಟರೇ, ಕಣ್ಣು ಕಟ್ಟಿದರೂ ಮಾಡ್ತೇನೆ" ಎಂದ. ಬಂಗಲೆಯ ಸ್ನಾನದ ಮನೆಯಿಂದ ಬಿಚ್ಚಿ ಎಸೆದಿದ್ದ ದಪ್ಪ ತಾಮ್ರದ ಕೊಳವೆಗೆ ಮರಳು ತುಂಬಿ, ಕಾಯಿಸಿ, ಮರದ ಬೊಡ್ಡೆಗೆ ಸುತ್ತಿ, ಒಂದೇ ದಿನದಲ್ಲಿ ಸುರುಳಿ ಮಾಡಿದ. ನಾಲ್ಕು ಸುತ್ತು ಸಾಕೆಂದು ನಾನು ಹೇಳಿದೆ.

"ಏಳು ಬೇಕು. ಕಮ್ಮಿಯಾದರೆ ಹಬೆ ತಣಿಯಲ್ಲ."

"ಹಬೆ ಅಲ್ಲ ಬೆಳ್ಳಿಯಪ್ಪ, ಗಾಳಿ."

"ಎಂತದೋ ಒಂದು ಅಂತ ಇಟ್ಟುಕೊಳ್ಳಿ" ಎಂದ. ಸುರುಳಿ ಮುಳುಗಿಸಲು ತನ್ನ ಮನೆಯ ಹಿತ್ತಲಿನಿಂದಲೇ ಮರದ ಪೀಪಾಯಿ ತಂದ. ಅದರಲ್ಲಿ ಹುಳಿಬೆಲ್ಲದ ವಾಸನೆ ಇತ್ತು. ಕೊಳವೆಯ ಸಂದಿಗಳಿಗೆ ಅಂಟು ಹಾಕುವ ಬದಲು ಅಕ್ಕಿಹಿಟ್ಟು ಕಲಸಿ ಮೆತ್ತಿದ. ಬಿಸಿಗೆ ಇದು ಕಲ್ಲಾಗುತ್ತದೆ, ಒಂದು ಹನಿ ಹೊರಗೆ ಹೋಗಲ್ಲ ಎಂದು ವಿವರಿಸಿದ. ಹನಿ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಇಂಥ ವಿಜ್ಞಾನಿ ಲೈನಿನಲ್ಲಿ ಕೊಳೆಯುತ್ತಿದ್ದಾನಲ್ಲ ಎಂದು ಮರುಗಿದೆ. ನೋಡಲು ಬಂದ ಆಳುಗಳೆಲ್ಲ ಬಾಯಿಗೆ ಸೆರಗು, ಟವಲು ಅಡ್ಡ ಹಿಡಿದು ಹೋದರು. ಗೌರವ ಎಂದುಕೊಂಡೆ.

ಬಾನೆಟ್ಟಿನಡಿ ಅಷ್ಟು ದೊಡ್ಡ ಪೀಪಾಯಿಗೆ ಜಾಗವಿರಲಿಲ್ಲ. ಡ್ರೈವರ್ ಪಕ್ಕದ ಸೀಟಿನ ಮೇಲೆ ಕೂರಿಸಿ ಹಗ್ಗ ಬಿಗಿದೆವು. ಮದುವೆಯ ಬೆಳಿಗ್ಗೆ ಗಂಗಮ್ಮ ರೇಷ್ಮೆ ಸೀರೆಯುಟ್ಟು ಬಂದು, ಪೀಪಾಯಿಯನ್ನು ಮೇಲಿನಿಂದ ಕೆಳಗೆ ನೋಡಿ, "ಸವತಿಗೆ ಮುಂದಿನ ಸೀಟೋ" ಎಂದು ಹಿಂದೆ ಹತ್ತಿದಳು.

ಚೆಟ್ಟಳ್ಳಿಯಲ್ಲಿ ಪೀಪಾಯಿಗೆ ಕೈಯಿಟ್ಟರೆ ನೀರು ಮಗುವಿನ ಸ್ನಾನಕ್ಕಾಗುವಷ್ಟು ಬಿಸಿ. ಚೆಲ್ಲಿ, ತೊರೆಯ ನೀರು ತುಂಬಿದೆ. ಏರು ಶುರುವಾಯಿತು. ಟಕಟಕ ಇಲ್ಲ. ದೊಡ್ಡ ತಿರುವು ಬಂತು, ಹೋಯಿತು. ಮುಂದೆ ಏದುಸಿರು ಬಿಡುತ್ತಿದ್ದ ಬಸ್ಸನ್ನೂ ಹಿಂದೆ ಹಾಕಿದೆ. ಡ್ರೈವರ್ ಅಭ್ಯಾಸಬಲದಿಂದ ಬ್ರೇಕ್ ಹಾಕಿದ್ದನ್ನು ಕನ್ನಡಿಯಲ್ಲಿ ನೋಡಿದೆ. ಆ ಐದು ನಿಮಿಷ ನಾನು ಪಟ್ಟ ಸುಖವನ್ನು ಮದುವೆಯ ದಿನವೂ ಪಟ್ಟಿರಲಿಲ್ಲ. ಇದನ್ನು ಗಂಗಮ್ಮನಿಗೆ ಹೇಳಿಲ್ಲ.

ಮಡಿಕೇರಿಯ ಬಾಗಿಲಲ್ಲಿ ಪೊಲೀಸರು ಅಡ್ಡಗಟ್ಟೆ ಹಾಕಿ ನಿಂತಿದ್ದರು. ಆಗ ಕೊಡಗಿನಲ್ಲಿ ಪಾನನಿರೋಧದ ಕಾಲ. ಸಬ್ ಇನ್ಸ್‌ಪೆಕ್ಟರ್ ಒಳಗೆ ಬಗ್ಗಿ ನೋಡಿದರು. ಪೀಪಾಯಿ. ಪೀಪಾಯಿಯೊಳಗೆ ನೀರು. ನೀರಿನೊಳಗೆ ತಾಮ್ರದ ಸುರುಳಿ. ಮೂಸಿದರು. ಸುತ್ತುಗಳನ್ನು ಬೆರಳು ಮಡಚಿ ಎಣಿಸಿದರು. "ಏಳು. ಕೆಲಸ ಗೊತ್ತಿರುವವನೇ" ಎಂದು ಮೆಚ್ಚಿದರು.

ಅಷ್ಟು ಹೊತ್ತಿಗೆ ನನಗೆ ಜ್ಞಾನೋದಯವಾಯಿತು. ಒಂದು ವಾರ ಇಡೀ ಎಸ್ಟೇಟಿಗೆ ಕಂಡದ್ದು ನನಗೆ ಆಗ ಕಂಡಿತು. ಕಳ್ಳಭಟ್ಟಿಯ ಸಾಮಾನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಹಾರ್ನ್ ಹೊಡೆಯುತ್ತಾ ಬಂದಿದ್ದೆ. ಇನ್ಸ್‌ಪೆಕ್ಟರ್ ನನ್ನ ಹೆಸರು, ಕೆಲಸ ವಿಚಾರಿಸಿ, ಇದನ್ನು ಯಾರು ಮಾಡಿಕೊಟ್ಟರು ಎಂದು ಕೇಳಿದರು. ಬೆಳ್ಳಿಯಪ್ಪನ ಹೆಸರು ಹೇಳಿದರೆ ಅವನು ಜೈಲಿಗೆ. ನನ್ನದೇ ಯೋಚನೆ, ನನ್ನದೇ ಚಿತ್ರ ಎಂದೆ. ತ್ಯಾಗ ಎಂದು ನೀವು ತಿಳಿದರೆ ನನಗೆ ಆಕ್ಷೇಪವಿಲ್ಲ. ಆ ಹೊತ್ತಿನಲ್ಲೂ ಅರ್ಧ ಜಂಬವೇ. ಸೈಕಲ್ ಪಂಪಿನಿಂದ ಶುರುಮಾಡಿ, ಬ್ಲೋವರ್, ಬಿಸಿಗಾಳಿ, ತಂಪುಗಾಳಿ ಎಲ್ಲ ವಿವರಿಸಿದೆ. ಅವರು ಗಮನವಿಟ್ಟು ಕೇಳಿ, "ಇಷ್ಟು ಒಳ್ಳೆಯ ಸುಳ್ಳು ನನ್ನ ಸರ್ವೀಸಿನಲ್ಲೇ ಕೇಳಿಲ್ಲ" ಎಂದು ಕೈಕೋಳಕ್ಕೆ ಹೇಳಿಕಳಿಸಿದರು. ನಾವು ಹಿಂದೆ ಹಾಕಿದ ಬಸ್ಸು ಬಂದು ನಿಂತಿತು. ಮುಹೂರ್ತಕ್ಕೆ ಅರ್ಧ ಗಂಟೆ. ಕಂಡಕ್ಟರ್ ಬಾಗಿಲು ತೆಗೆದು ಗಂಗಮ್ಮನಿಗಾಗಿ ಕಾದ.

ಗಂಗಮ್ಮ ಇಳಿದಳು. ಬಸ್ಸಿನ ಕಡೆ ಹೋಗಲಿಲ್ಲ. ಇನ್ಸ್‌ಪೆಕ್ಟರ್ ಎದುರು ನಿಂತು, "ಸಾರ್, ಈ ಸಾಮಾನು ಎಂತದಕ್ಕೆ ಅಂತ ನೋಡಿದ ದಿನವೇ ನನಗೆ ಗೊತ್ತಾಯ್ತು. ಇವರಿಗೆ ಈಗ ಗೊತ್ತಾಗಿದೆ, ಮುಖ ನೋಡಿ. ಭಟ್ಟಿ ಕಾಸುವಷ್ಟು ಬುದ್ಧಿ ನನ್ನ ಗಂಡನಿಗೆ ಇಲ್ಲ. ಇದ್ದಿದ್ದರೆ ಈ ಕಾರನ್ನೇ ತೆಗೆದುಕೊಳ್ತಿರಲಿಲ್ಲ" ಎಂದಳು.

ಇನ್ಸ್‌ಪೆಕ್ಟರ್ ಕಾರನ್ನು ನೋಡಿದರು. ನನ್ನ ಮುಖ ನೋಡಿದರು. ಇಪ್ಪತ್ತು ನಿಮಿಷದ ನನ್ನ ವಿಜ್ಞಾನ ಮಾಡದ್ದನ್ನು ಅವಳ ನಾಲ್ಕು ಮಾತು ಮಾಡಿತು. ಬಿಡುತ್ತೇನೆ ಎಂದರು. ಆದರೆ ಪೀಪಾಯಿ, ಸುರುಳಿ ಸರಕಾರಕ್ಕೆ; ಜೊತೆಗೆ ಒಂದು ಹೇಳಿಕೆ ಬೇಕು.

ಕೊಳವೆಯನ್ನು ಹಳೆಯ ಹಾಗೆ ಸಿಕ್ಕಿಸಿ, ಇಳಿಜಾರಿನಲ್ಲಿ ಜಾರಿಕೊಂಡೇ ಮುಹೂರ್ತಕ್ಕೆ ಮೊದಲು ಬಾಗಿಲಿಗೆ ಮುಟ್ಟಿಸಿದೆ. ಗಂಗಮ್ಮ ಮಾತಿಗೆ ತಪ್ಪಿಲ್ಲ. ಕಾರು ಇಂದಿಗೂ ಅಂಗಳದಲ್ಲಿದೆ. ಸುರುಳಿ ಇಲ್ಲದ ಮೇಲೆ ಅದು ಏರು ಹತ್ತುವುದಿಲ್ಲ. ಮುಂದಿನ ಸೀಟಿನಲ್ಲಿ ಅವಳ ಕೋಳಿ ಕಾವಿಗೆ ಕೂತಿದೆ. ಬೆಳ್ಳಿಯಪ್ಪ ನನ್ನನ್ನು ಕಂಡಾಗಲೆಲ್ಲ ನಿಜವಾಗಿಯೂ ಕೈ ಮುಗಿಯುತ್ತಾನೆ, ಆಮೇಲೆ ಪೀಪಾಯಿ ವಾಪಸು ಯಾವಾಗ ಎಂದು ಕೇಳುತ್ತಾನೆ.

ಆ ದಿನ ಹೇಳಿಕೆಯನ್ನು ಬರೆಯಲು ಅಡ್ಡಗಟ್ಟೆಯ ಬಳಿಯೇ ಪೇದೆಯೊಬ್ಬ ಕೂತಿದ್ದ. ಅವನ ಅಕ್ಷರ ನೋಡಿ ಇನ್ಸ್‌ಪೆಕ್ಟರ್ ಬೇಸರಪಟ್ಟು, "ನೀವು ರೈಟರ್ ಅಲ್ಲವೇ, ನೀವೇ ಬರೆಯಿರಿ" ಎಂದು ಕಾಗದ ನನ್ನ ಕೈಗೆ ಕೊಟ್ಟರು. ಗಂಗಮ್ಮ ನಿಧಾನವಾಗಿ ಹೇಳಿದಳು, ನಾನು ಬರೆದೆ: 'ನನ್ನ ಗಂಡನಿಗೆ ಅಷ್ಟು ಬುದ್ಧಿ ಇರುವುದಿಲ್ಲ.' ಕೆಳಗೆ ಸಾಕ್ಷಿಯ ಸಹಿಯೂ ನನ್ನದೇ. ಇನ್ಸ್‌ಪೆಕ್ಟರ್ ಎರಡು ಸಲ ಓದಿ, ಒಂದು ತಪ್ಪೂ ಇಲ್ಲ ಎಂದರು.