ಯಾರಿಗೆ ಹೊಡೆದೆ, ಗಂಗರಾಜು?

ಎಲ್ಲದಕ್ಕೂ ಮೂಲ ಒಂದು ಅರೆನಿದ್ದೆ. ಗಂಗರಾಜು ಕೆನಡಾದ ಉತ್ಸವದಲ್ಲಿ ತಮಟೆ ಬಾರಿಸಿ, ಅಂಬಾಜಿದುರ್ಗದ ಬುಡದಲ್ಲಿರುವ ತನ್ನ ಊರಿಗೆ ಮೊನ್ನೆಯಷ್ಟೇ ಬಂದಿದ್ದ. ಇವತ್ತು ರಾತ್ರಿ ಮತ್ತೆ ಬೆಲ್ಜಿಯಂ ವಿಮಾನ. ನಡುಮಧ್ಯಾಹ್ನ ಗೊರಕೆ ಹೊಡೆಯುವುದು, ಊರೆಲ್ಲ ಮಲಗಿದಾಗ ಎದ್ದು ಕೂತು ಹಸಿವು ಅನ್ನುವುದು ಅವನ ಪಾಡಾಗಿತ್ತು.

ಬೆಳಿಗ್ಗೆ ಮಾಳಿಗೆಯ ಮೇಲೆ ಒಂದಿಷ್ಟು ಒಣಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸಿದ. ಚರ್ಮ ಬಿಗಿದು ಟಣ್ ಎಂದಿತು. ಮಗಳು ಅಮೃತ ಎದುರಿಗೆ ಮೊಬೈಲ್ ಹಿಡಿದು ನಿಂತಿದ್ದಳು. ಬೆಲ್ಜಿಯಂ ಉತ್ಸವದ ಯಜಮಾನರಾದ ಯಾನ್ ಸಾಹೇಬರು ಹೊಸದೊಂದು ವಿಡಿಯೋ ಕೇಳಿದ್ದರು.

ಕುಣಿತದ ವರಸೆಯಲ್ಲೇ ಶುರುವಾಯಿತು. ಆಮೇಲೆ ಗಂಗರಾಜುವಿಗೆ ಕಣ್ಣು ಎಳೆಯಿತು. ಕೈ ಮಾತ್ರ, ಮಾಲೀಕ ಮಲಗಿದರೂ ಮನೆ ದಾರಿ ಬಿಡದ ಎತ್ತಿನ ಹಾಗೆ, ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಅದು ಎಲ್ಲಿಗೆ ಹೋಗಿ ಸೇರಿದೆ ಎಂದು ಅವನಿಗೆ ತಿಳಿದದ್ದು ಕೆಳಗೆ ಬೀದಿಯಲ್ಲಿ ಪೊರಕೆಗಳ ಸದ್ದು ಒಟ್ಟಿಗೇ ನಿಂತಾಗ. ನಾಯಿಗಳೂ ಸುಮ್ಮನಾಗಿದ್ದವು. ಹಾಲಿನ ಡೇರಿಗೆ ಹೊರಟವರು ಕ್ಯಾನು ಕೆಳಗಿಟ್ಟು ಕತ್ತೆತ್ತಿ ಮಾಳಿಗೆಯನ್ನೇ ನೋಡುತ್ತಿದ್ದರು.

ಮೂರು ನಿಧಾನದ ಏಟು, ಒಂದು ಬಿಡುವು, ಆಮೇಲೆ ಒಂಟಿ ಏಟು. ಸಾವಿನ ತಮಟೆ.

ಗಂಗರಾಜು ತಟ್ಟನೆ ಕೈ ನಿಲ್ಲಿಸಿದ. ಅವನಪ್ಪ ಮುನಿಗಂಗಪ್ಪ ಊರಿನ ಪ್ರತಿ ಹೆಣದ ಮುಂದೆಯೂ ಇದನ್ನು ಬಾರಿಸಿದವನು. ಕರೆದಾಗ ಓಡಬೇಕು, ಗೇಟಿನ ಹೊರಗೇ ನಿಲ್ಲಬೇಕು. ಅಪ್ಪ ತೀರಿಕೊಂಡ ವರ್ಷವೇ ಗಂಗರಾಜು ಊರವರ ಮುಂದೆ ನಿಂತು, ಇನ್ನು ಯಾರ ಸಾವಿಗೂ ನನ್ನ ತಮಟೆ ಇಲ್ಲ ಎಂದು ಹೇಳಿಬಿಟ್ಟಿದ್ದ. ಅಂದಿನಿಂದ ಊರಿನ ಸಾವುಗಳಿಗೆ ಶಿಡ್ಲಘಟ್ಟದಿಂದ ಬ್ಯಾಂಡ್‌ಸೆಟ್ ಬರುತ್ತಿತ್ತು, ಗಂಗರಾಜು ದೇಶದಿಂದ ದೇಶಕ್ಕೆ ಹಾರುತ್ತಿದ್ದ.

"ಯಾರು ನಾಯನಾ?" ಎಂದು ಕೆಳಗಿನಿಂದ ಚಿಕ್ಕವೆಂಕಟಮ್ಮ ಕೂಗಿದಳು. ಎದುರುಮನೆಯ ಮುದುಕಿ, ಸುದ್ದಿಯೊಂದು ಅವಳ ಕಿವಿಗೆ ಬಿದ್ದರೆ ಚಿಂತಾಮಣಿ ತಲುಪಲು ಬಸ್ಸು ಬೇಕಿರಲಿಲ್ಲ.

"ಯಾರೂ ಇಲ್ಲಮ್ಮ! ಪ್ರಾಕ್ಟೀಸು!"

"ಸಾವ್ನೂ ಪ್ರಾಕ್ಟೀಸ್ ಮಾಡ್ತಾರೇನಪ್ಪ? ಅಯ್ಯೋ ದೇವುಡಾ!"

ಪ್ರಾಕ್ಟೀಸು ಎಂಬ ಮಾತನ್ನು ಊರು ನಂಬಲಿಲ್ಲ. ಯಾರು ಕರೆದರೂ ಬಾರಿಸದವನು ತಾನಾಗಿ ಬಾರಿಸಿದ್ದಾನೆಂದರೆ ಸತ್ತವರು ಸಾಮಾನ್ಯರಲ್ಲ ಎಂದು ಲೆಕ್ಕ ಹಾಕಿತು. ಊರಿನ ದೊಡ್ಡ ಜಮೀನಿನವರು ಮುನಿಶಾಮಪ್ಪ. ಯುಗಾದಿಯಿಂದ ಹಾಸಿಗೆ ಹಿಡಿದಿದ್ದರು. ಕಾಫಿ ಕುಡಿಯುವ ಹೊತ್ತಿಗೆ ಅವರ ಮಗ ಮೋಹನ್‌ಬಾಬುವಿನ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಅವನು ಇಲ್ಲ, ಇಲ್ಲ ಎನ್ನುತ್ತಿರುವಾಗಲೇ ಚಿಂತಾಮಣಿಯ ಬೀಗರು ರೇಷ್ಮೆಗೂಡು ಸಾಗಿಸುವ ವ್ಯಾನಿನಲ್ಲಿ ಬಂದಿಳಿದು, ಆಳುದ್ದದ ಹಾರ ಹಿಡಿದು ಅಳುತ್ತ ಒಳಗೆ ನುಗ್ಗಿದರು. ಮಂಚದ ಮೇಲೆ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದ ಮುನಿಶಾಮಪ್ಪ ಲೋಟ ಕೆಳಗಿಟ್ಟರು.

"ಹೂ ಯಾಕ್ರಪ್ಪ ಇಷ್ಟೊಂದು?"

ಬೀಗರು ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಗೋಡೆಯ ಗಡಿಯಾರಕ್ಕೆ ಹಾಕಿದರು.

ಮೋಹನ್‌ಬಾಬು ಗಂಗರಾಜುವಿನ ಮನೆಗೆ ಬಂದಾಗ ಅವನ ಹಿಂದೆ ಅರ್ಧ ಊರಿತ್ತು. ಮುಂದುಗಡೆ ಕೋನಪ್ಪ. ಕೋನಪ್ಪನಿಗೆ ಕೆಲಸವೆಂದು ಏನೂ ಇರಲಿಲ್ಲ. ಆದ್ದರಿಂದ ಊರಿನ ಎಲ್ಲ ಕೆಲಸಗಳ ಬಗ್ಗೆಯೂ ತೀರ್ಪು ಕೊಡುತ್ತಿದ್ದ.

"ಬಾಯ್ತಪ್ಪಿ ಬಂದ ಮಾತಿದ್ದಂಗೆ ಕೈತಪ್ಪಿ ಬಂತು ಅಷ್ಟೇ," ಎಂದ ಗಂಗರಾಜು. "ನಿದ್ದೆಗಣ್ಣು. ತಪ್ಪಾಯ್ತು."

ಕೋನಪ್ಪ ಕಣ್ಣು ಮುಚ್ಚಿ ತಲೆಯಾಡಿಸಿದ. "ನೀನು ಹೊಡೆದಿದ್ರೆ ತಪ್ಪು ಅನ್ನಬಹುದಿತ್ತು. ನಿದ್ದೇಲಿದ್ದೆ ಅಂತೀಯ. ಹಂಗಾದ್ರೆ ಹೊಡೆದೋರು ಯಾರು?"

ಬಾಗಿಲಲ್ಲಿ ನಿಂತಿದ್ದ ಗಂಗರಾಜುವಿನ ಹೆಂಡತಿ ರೂಪ ಮೆಲ್ಲಗೆ ಸೆರಗು ಹೊದ್ದುಕೊಂಡಳು.

"ನಮ್ಮ ತಾತ ಹೇಳ್ತಿದ್ದ," ಕೋನಪ್ಪ ದನಿ ಇಳಿಸಿದ. "ಆ ತಮಟೆ ಒಂದ್ಸಲ ಹೊರಟ್ರೆ ಬರಿಗೈಲಿ ವಾಪಸ್ ಬರಲ್ಲ. ಹೊತ್ತು ಮುಳುಗೋದ್ರೊಳಗೆ ಯಾರನ್ನಾದ್ರೂ ಕರ್ಕೊಂಡೇ ಹೋಗ್ತದೆ. ಕೇಳಿಸ್ಕೊಂಡೋರ ಪೈಕಿ ಒಬ್ರನ್ನ."

ಆಗ ಒಳಗೋಡೆಯ ಮೊಳೆಗೆ ನೇತುಹಾಕಿದ್ದ ತಮಟೆ ತಾನಾಗಿ 'ಢಂ' ಎಂದಿತು.

ಯಾರೂ ಅದನ್ನು ಮುಟ್ಟಿರಲಿಲ್ಲ. ಗುಂಪು ಒಂದೇ ಉಸಿರಿಗೆ ಅಂಗಳ ದಾಟಿ ಬೀದಿಗೆ ಬಿತ್ತು. ಕೋನಪ್ಪ ಎಲ್ಲರಿಗಿಂತ ಮುಂದಿದ್ದ.

"ಕಾದ ಚರ್ಮ ತಣ್ಣಗಾಗ್ವಾಗ ಹಂಗನ್ನುತ್ತೆ!" ಎಂದು ಗಂಗರಾಜು ಕೂಗಿದ. ಅದು ನಿಜವೇ. ಆದರೆ ಇಷ್ಟು ವರ್ಷದಲ್ಲಿ ಅದು ಅಷ್ಟು ಗಟ್ಟಿಯಾಗಿ ಅಂದದ್ದನ್ನು ಅವನೂ ಕೇಳಿರಲಿಲ್ಲ.

ತೀರ್ಮಾನ ಬೀದಿಯಲ್ಲೇ ಆಯಿತು. ಹೊತ್ತು ಮುಳುಗುವವರೆಗೆ ಗಂಗರಾಜು ಊರು ಬಿಡಕೂಡದು. ಯಾರಾದರೂ ಸತ್ತರೆ, ಸಾವನ್ನು ಕರೆದವನೇ ಮುಂದೆ ನಿಂತು ಬಾರಿಸಿ ಕಳಿಸಿಕೊಡಬೇಕು. ಸೂಟ್‌ಕೇಸು, ಪಾಸ್‌ಪೋರ್ಟು ಎರಡೂ ಮೋಹನ್‌ಬಾಬುವಿನ ಮನೆಗೆ ಹೋದವು. ಅವನ ತಮಟೆ ತಂಡದ ಉಳಿದವರು ಚಿಕ್ಕಬಳ್ಳಾಪುರದಲ್ಲಿ ಕಾಯುತ್ತಿದ್ದರು. ಯಾರಾದರೂ ಸತ್ತರೆ ವಿಮಾನ ತಪ್ಪುತ್ತದೆ. ವಿಮಾನದ ಜೊತೆಗೆ ಅವನು ಊರಿಗೆ ಹೇಳಿದ ಮಾತೂ ಹೋಗುತ್ತದೆ. ಒಮ್ಮೆ ಸಾವಿಗೆ ಬಾರಿಸಿದರೆ ಆಮೇಲೆ ಪ್ರತಿ ಸಾವಿಗೂ ಕರೆ ಬರುತ್ತದೆ. ಹಾಗಾಗಿ ಆ ದಿನ ಊರಿನವರೆಲ್ಲ ಬದುಕಿರಲಿ ಎಂದು ಗಂಗರಾಜುವಿನಷ್ಟು ಹಾರೈಸಿದವರು ಇನ್ನೊಬ್ಬರಿರಲಿಲ್ಲ.

ಊರೂ ತನ್ನ ಕೈಲಾದಷ್ಟು ಮಾಡಿತು. ತೆಂಗಿನ ಮರ ಹತ್ತಲು ಬಂದವನನ್ನು ಹಾಗೇ ವಾಪಸು ಕಳಿಸಿದರು. ಕ್ಷೌರದಂಗಡಿ ಮುಚ್ಚಿತು. ಅಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ನಕ್ಕ ಡಿಗ್ರಿ ಓದಿದ ಹುಡುಗರು ಹೆಲ್ಮೆಟ್ ಹಾಕಿಕೊಂಡು ನಡೆದೇ ಓಡಾಡಿದರು. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬಿಸಿಲು ಮಾತ್ರ, ಯಾರನ್ನೋ ಹುಡುಕಿಕೊಂಡು ಬಂದವರ ಹಾಗೆ, ಮನೆಯಿಂದ ಮನೆಗೆ ಸರಿಯುತ್ತಿತ್ತು. ಕಿಟಕಿಗಳ ಹಿಂದೆ ಜನ ಒಬ್ಬರನ್ನೊಬ್ಬರು ಗಮನಿಸುತ್ತಿದ್ದರು. ಚಿಕ್ಕವೆಂಕಟಮ್ಮ ಒಮ್ಮೆ ಕೆಮ್ಮಿದ್ದಕ್ಕೆ ಸೊಸೆ ಒಲೆ ಬಿಟ್ಟು ಓಡಿಬಂದಳು.

"ಮೆಣಸಿನಕಾಯಿ ಘಾಟು ಕಣೇ! ನನ್ನೇನ್ ಹಂಗ್ ನೋಡ್ತೀಯ?"

ಊಟದ ಹೊತ್ತು ಕಳೆದ ಮೇಲೆ ಮುನಿಶಾಮಪ್ಪ ಹೇಳಿಕಳಿಸಿದರು. ಗಂಗರಾಜು ಹೋಗಿ ಅಭ್ಯಾಸಬಲದಿಂದ ಗೇಟಿನ ಬಳಿಯೇ ನಿಂತ. "ಒಳಕ್ಕೆ ಬಾರೋ," ಎಂದರು ಮುದುಕರು. ಅಪ್ಪ ಯಾವತ್ತೂ ತುಳಿಯದ ಆ ಪಡಸಾಲೆಯನ್ನು ದಾಟಿ ಗಂಗರಾಜು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ. ಗಡಿಯಾರದ ಮೇಲಿನ ಹಾರ ಆಗಲೇ ಬಾಡಿತ್ತು.

"ಲೋ ಗಂಗ, ನಿಜ ಹೇಳು. ನಂಗೇ ತಾನೇ ಹೊಡೆದಿದ್ದು?"

"ಇಲ್ಲ ಗೌಡ್ರೇ. ನಿಮ್ಮಾಣೆ ಇಲ್ಲ."

"ಹೊಡೆದಿದ್ರೂ ಬೇಜಾರಿಲ್ಲ ಕಣೋ. ನಮ್ಮಪ್ಪಂಗೆ ನಿಮ್ಮಪ್ಪ ಹೊಡೆದ. ಏನ್ ಹೊಡೆದ! ಹೆಣಾನೇ ಎದ್ದು ಕೂರ್ಬೇಕು, ಹಂಗೆ. ಆ ಬ್ಯಾಂಡ್‌ಸೆಟ್‌ನೋರು ಸಿನಿಮಾ ಹಾಡು ಬಾರಿಸ್ತಾರೆ. ನಾಚಿಕೆ ಆಗ್ತದೆ ನಂಗೆ ಅದರ ಹಿಂದೆ ಹೋಗಕ್ಕೆ."

ಗಂಗರಾಜು ಹೇಳಿದ: "ನಮ್ಮಪ್ಪ ಅಷ್ಟು ಚೆನ್ನಾಗಿ ಹೊಡೆದ್ರೂ ಈ ಕುರ್ಚೀಲಿ ಕೂರ್ಲಿಲ್ಲ ಗೌಡ್ರೇ. ನಾನು ಹೊಡೆಯಲ್ಲ."

"ಅದೂ ಸರಿಯೇ," ಎಂದರು ಮುನಿಶಾಮಪ್ಪ. ಆಮೇಲೆ ಅವನ ಕೈಯನ್ನು ತಮ್ಮ ತಣ್ಣನೆಯ ಕೈಯಲ್ಲಿ ಹಿಡಿದುಕೊಂಡು ನಿದ್ದೆ ಹೋದರು. ಅವರ ಎದೆ ಒಂದೊಂದು ಸಲ ಏಳುವುದನ್ನೇ ಮರೆಯುತ್ತಿತ್ತು. ಮೂರು ಉಸಿರು, ಒಂದು ಬಿಡುವು, ಆಮೇಲೆ ಒಂಟಿ ಉಸಿರು. ಕೈ ಬಿಡಿಸಿಕೊಂಡರೆ ಏನಾಗುವುದೋ ಎಂಬ ಭಯಕ್ಕೆ ಗಂಗರಾಜು ಅಲ್ಲಾಡದೆ ಕೂತ. ಕಿಟಕಿಯಾಚೆ ದುರ್ಗದ ನೆರಳು ಹೊಲ ದಾಟಿ, ಕೊಟ್ಟಿಗೆ ದಾಟಿ, ಅಂಗಳಕ್ಕೆ ಕಾಲಿಟ್ಟಿತು. ಬಾಗಿಲ ಬಳಿ ಮೋಹನ್‌ಬಾಬು, ಕೋನಪ್ಪ, ಬೀಗರು ಉಸಿರು ಹಿಡಿದು ನಿಂತಿದ್ದರು.

ಸೂರ್ಯ ಬೆಟ್ಟದ ಹಿಂದೆ ಇಳಿದ.

ಮುನಿಶಾಮಪ್ಪ ಕಣ್ಣು ಬಿಟ್ಟರು. "ಹೊತ್ತು ಮುಳುಗಿತೇನೋ?" ಎಂದು ಕೇಳಿ, ಯುಗಾದಿಯಿಂದ ಏಳದವರು ಎದ್ದು ಕೂತು, "ಹಂಗಾದ್ರೆ ಮುದ್ದೆ ತಿರುವಕ್ಕೆ ಹೇಳು. ಗಂಜಿ ಸಾಕು," ಎಂದರು.

ಊರು ಕುಣಿಯಿತು. ಕೋನಪ್ಪ ಮನೆಮನೆಗೆ ಹೋಗಿ ಎಲ್ಲರೂ ಇದ್ದಾರೆಯೇ ಎಂದು ವಿಚಾರಿಸಿಕೊಂಡು ಬಂದ. ಅವನ ಮುಖದಲ್ಲಿ ತುಸು ನಿರಾಸೆಯೂ ಇತ್ತು. ಮೋಹನ್‌ಬಾಬು ತಾನೇ ಸೂಟ್‌ಕೇಸು ಹೊತ್ತು ತಂದ. ಬಾಡಿಗೆ ಕಾರು ಬಂದು ನಿಂತಿತು. ಡ್ರೈವರು ಚಿಂತಾಮಣಿಯ ರಮೇಶ್‌ಬಾಬು. ರೂಪ ಗಂಡನ ಕೈಗೆ ಚಟ್ನಿಪುಡಿ ಡಬ್ಬಿ ಕೊಡುತ್ತಿದ್ದಳು. ಆಗ ಅಮೃತ ಮಾಳಿಗೆಯಿಂದ ಇಳಿದು ಬಂದಳು. ಅವಳ ಮುಖ ಸುಣ್ಣದ ಹಾಗಿತ್ತು.

"ಅಪ್ಪ... ಯಾನ್ ಅಂಕಲ್ ಹೋಗ್ಬಿಟ್ರಂತೆ."

"ಎಲ್ಲಿಗೆ?"

"ತೀರ್ಕೊಂಡ್ರಂತೆ. ಬೆಳಿಗ್ಗೆ ಕಾಫಿ ಕುಡೀತಾ ಕೂತಿದ್ರಂತೆ. ಹಾರ್ಟು. ನಾನು ಆ ವಿಡಿಯೋ ಆಗಲೇ ಕಳಿಸ್ಬಿಟ್ಟಿದ್ದೆ. ಅದನ್ನ ನೋಡ್ತಾ ನೋಡ್ತಾನೇ..."

ಯಾನ್ ಸಾಹೇಬರು ದಿನಾ ಬೆಳಿಗ್ಗೆ ಸೈಕಲ್ ಹೊಡೆಯುವ ಗಟ್ಟಿ ಆಳು. ಗಂಗರಾಜು ಸೂಟ್‌ಕೇಸಿನ ಮೇಲೆ ಕುಸಿದು ಕೂತ.

"ಉತ್ಸವ ಕ್ಯಾನ್ಸಲ್. ಆದ್ರೆ ನೀವು ಬರಲೇಬೇಕಂತೆ. ಆ ಬಡಿತ ಅವರಿಗೆ ತುಂಬ ಇಷ್ಟ ಆಯ್ತಂತೆ, ಮುಖದಲ್ಲಿ ನಗು ಇತ್ತಂತೆ. ಅದಕ್ಕೇ ಮಣ್ಣು ಮಾಡ್ವಾಗ ನೀವೇ ಮುಂದೆ ನಿಂತು ಅದನ್ನೇ ಬಾರಿಸ್ಬೇಕು ಅಂತ ಅವರ ಹೆಂಡ್ತಿ ಕೇಳ್ಕೊಂಡಿದ್ದಾರೆ."

ಕೋನಪ್ಪನ ಮುಖ ಅರಳಿತು.

"ಹೇಳ್ಲಿಲ್ವಾ ನಾನು! ಬರಿಗೈಲಿ ವಾಪಸ್ ಬರಲ್ಲ ಅಂತ!"

ಯಾರಿಗೂ ಅಳು ಬರಲಿಲ್ಲ, ಸತ್ತವರು ಊರಿನವರಂತೂ ಅಲ್ಲವಲ್ಲ. ಗಂಗರಾಜುವನ್ನು ಕಾರಿಗೆ ಹತ್ತಿಸಿ, ಬಾಗಿಲು ಹಾಕಿ, ಹುಷಾರು ಎಂದು ಕೈಬೀಸಿದರು. ಒಬ್ಬರೂ ಕಾರಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಚಿಂತಾಮಣಿ ದಾಟುವಾಗಲೂ ಗಂಗರಾಜುವಿಗೆ ಅದೇ ಯೋಚನೆ. ಸ್ವಂತ ಊರಿನಲ್ಲಿ ಬಿಟ್ಟ ಕೆಲಸವನ್ನು ಸಮುದ್ರ ದಾಟಿ ಮಾಡಬೇಕು. ಆ ಹೆಣ್ಣುಮಗಳಿಗೆ ಇಲ್ಲ ಅನ್ನುವ ಬಾಯಿ ಎಲ್ಲಿದೆ? ಸಾಹೇಬರ ನಗು ನೆನೆದು ಕಣ್ಣು ತುಂಬಿತು. ಹೊರಗೆ ಮಬ್ಬು ಕವಿದಿತ್ತು. ರಮೇಶ್‌ಬಾಬು ಕನ್ನಡಿಯಲ್ಲಿ ಪದೇ ಪದೇ ಹಿಂದೆ ನೋಡುತ್ತಿದ್ದ.

ಇದ್ದಕ್ಕಿದ್ದಂತೆ ಕಾರು ರಸ್ತೆ ಪಕ್ಕಕ್ಕೆ ಸರಿದು ನಿಂತಿತು. ರಮೇಶ್‌ಬಾಬು ಇಳಿದು, ಡಿಕ್ಕಿ ತೆಗೆದು, ಸೂಟ್‌ಕೇಸನ್ನೂ ತಮಟೆಯ ಚೀಲವನ್ನೂ ಮಣ್ಣಿನ ಮೇಲಿಟ್ಟ. ಹಿಂಬಾಗಿಲು ತೆಗೆದು ಕೈ ಮುಗಿದ.

"ಅಣ್ಣ, ಇಳಿದ್ಬಿಡಿ. ಬಾಡಿಗೆ ಬೇಡ. ಮನೇಲಿ ಸಣ್ಣ ಮಕ್ಕಳಿದ್ದಾರೆ."

"ಯಾಕಪ್ಪ? ಏನಾಯ್ತು?"

ರಮೇಶ್‌ಬಾಬು ಗಂಗರಾಜುವಿನ ತೊಡೆಯ ಮೇಲಿದ್ದ ಚಟ್ನಿಪುಡಿ ಡಬ್ಬಿಯನ್ನು ತೋರಿಸಿದ. ಅದರ ಮುಚ್ಚಳದ ಮೇಲೆ ಗಂಗರಾಜುವಿನ ಬೆರಳುಗಳು, ಅವನನ್ನು ಒಂದು ಮಾತೂ ಕೇಳದೆ, ನಿಧಾನವಾಗಿ, ಮೂರಾದ ಮೇಲೆ ಒಂದು ಬಿಡುವು ಕೊಟ್ಟು, ಬಡಿಯುತ್ತಲೇ ಇದ್ದವು.