ಟಾಲಾದಲ್ಲೊಂದು ಮಿಂಗ್ ದರ್ಬಾರು

ಮನೆಯಲ್ಲೊಬ್ಬ ಇತಿಹಾಸದ ಮೇಷ್ಟ್ರಿದ್ದರೆ ಹಾಲು ಉಕ್ಕಿದ್ದಕ್ಕೂ ಒಂದು ರಾಜವಂಶದ ಕಥೆ ಅಂಟಿಕೊಳ್ಳುತ್ತದೆ. ನಮ್ಮಪ್ಪ ಮೈಸೂರಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅಮ್ಮನ ಜೊತೆ ಐರ್ಲೆಂಡಿನ ಟಾಲಾದಲ್ಲಿರುವ ನಮ್ಮ ಮನೆಗೆ ಮೂರು ತಿಂಗಳಿಗೆಂದು ಬಂದರು, ಹಿಂದೆಯೇ ಕೊರೋನಾ ಬಂದು ವಿಮಾನಗಳು ನಿಂತವು. ಅಪ್ಪ ಸುಮ್ಮನೆ ಕೂತು ಒಣಗುತ್ತಿದ್ದಾರೆಂದು ನಮ್ಮ ಕನ್ನಡ ಗುಂಪಿನವರು ಝೂಮ್‌ನಲ್ಲಿ ಒಂದು ಉಪನ್ಯಾಸ ಕೊಡಿಸಿದರು. ಚೀನಾದ ಚಕ್ರವರ್ತಿಗಳು ಹೊರದೇಶದವರ ಸಹವಾಸದಿಂದ ಗಳಿಸಿದ್ದೇನು, ಕಳಕೊಂಡಿದ್ದೇನು ಎಂಬುದು ವಿಷಯ. ಕೇಳುವವರು ಒಬ್ಬೊಬ್ಬರಾಗಿ ಜಾರಿಕೊಂಡು ಕೊನೆಗೆ ಉಳಿದವರು ನಾನು ಮತ್ತು ಗೊರಕೆ ಹೊಡೆಯುತ್ತಿದ್ದ ಒಬ್ಬ ಡಾಕ್ಟರು. ಪಾಪ, ಅವರು ನೈಟ್ ಡ್ಯೂಟಿ ಮುಗಿಸಿ ಬಂದಿದ್ದರು.

"ಒಂದ್ಸಲನಾದ್ರೂ ಜನ ಕೊನೇವರೆಗೂ ಕೂತು ಕೇಳಬೇಕಮ್ಮ" ಎಂದರು ಅಪ್ಪ. ಅವತ್ತು ಸರಿಯಾಗಿ ಊಟವನ್ನೂ ಮಾಡಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಝೂಮ್ ಹೆಸರೆತ್ತಲಿಲ್ಲ, ಬದಲಿಗೆ ಪಾಠವನ್ನೆಲ್ಲ ನಮ್ಮ ಮೇಲೆ ಹರಿಸಿದರು.

ರಾಯಭಾರಿ ಬಂದ

ಕೊರಿಯರ್‌ನವನು ಬೆಲ್ ಒತ್ತಿ, ಪಾರ್ಸೆಲ್ ಹೊಸ್ತಿಲಲ್ಲಿಟ್ಟು, ಗೇಟಿನ ತನಕ ಹಿಂದೆ ಸರಿದು ನಿಲ್ಲುತ್ತಿದ್ದ ಕಾಲ ಅದು. ಅಪ್ಪ ಕಿಟಕಿಯಿಂದ ನೋಡಿ ಅಮ್ಮನನ್ನು ಕರೆದರು.

"ನೋಡೇ, ಚಕ್ರವರ್ತಿ ಮುಂದೆ ವಿದೇಶಿ ರಾಯಭಾರಿ ಹೀಗೇ ಬಗ್ಗಿ ಕಾಣಿಕೆ ಇಡಬೇಕಿತ್ತು. ಇಂಗ್ಲೆಂಡಿನವನೊಬ್ಬ ಬಂದು ನಾನು ಅಷ್ಟೊಂದು ಬಗ್ಗಲ್ಲ ಅಂದು ದೊಡ್ಡ ರಾದ್ಧಾಂತ ಆಯ್ತು."

ಇಷ್ಟು ಹೇಳಿ, ಬಾಗಿಲು ತೆಗೆದು, ಪಾರ್ಸೆಲ್ ಎತ್ತಲು ಹೋದರು. ಒಳಗಿದ್ದದ್ದು ಸೋನಾ ಮಸೂರಿ ಅಕ್ಕಿಯ ದೊಡ್ಡ ಮೂಟೆ. ಸೊಂಟ ಹಿಡಿದುಕೊಂಡಿತು. ಗೇಟಿನಲ್ಲಿದ್ದವನು ಹತ್ತಿರ ಬರುವಂತಿಲ್ಲ, ಬಿಟ್ಟು ಹೋಗಲೂ ಮನಸ್ಸಿಲ್ಲ.

ಅಮ್ಮ ಹೇಳಿದರು: "ರಾಯಭಾರಿ ಆರಾಮಾಗಿ ನಿಂತಿದಾನೆ. ಚಕ್ರವರ್ತಿಗಳೇ ಇನ್ನೂ ಬಗ್ಗಿದೀರಲ್ಲ, ಏಳಿ ಮೇಲೆ."

ತಟ್ಟೆ ಖಾಲಿ ಕಳಿಸಬಾರದು

ಪಕ್ಕದ ಮನೆಯಲ್ಲಿ ಐರಿಷ್ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ಒಂದು ದಿನ ಹಿತ್ತಲ ಗೋಡೆಯ ಮೇಲೆ ತಟ್ಟೆಯಲ್ಲಿ ಸೋಡಾ ಬ್ರೆಡ್ ಇಟ್ಟು ಹೋದರು. ಬಂದ ತಟ್ಟೆಯನ್ನು ಖಾಲಿ ವಾಪಸು ಕೊಡುವುದುಂಟೆ? ಅಮ್ಮ ಕೋಡುಬಳೆ ತುಂಬಿ ಇಟ್ಟರು. ಅಜ್ಜಿಗೂ ಅದೇ ಸಂಕೋಚ ಹತ್ತಿತೋ ಏನೋ, ಸೇಬಿನ ಟಾರ್ಟ್ ಬಂತು. ಅಮ್ಮ ಒಬ್ಬಟ್ಟಿಗೆ ಕೈ ಹಾಕಿದರು.

"ಮಿಂಗ್ ದೊರೆಗಳಿಗೂ ಇದೇ ರೋಗ" ಎಂದರು ಅಪ್ಪ. "ಹೊರಗಿನವರು ನಾಲ್ಕು ಕುದುರೆ ತಂದ್ರೆ ದೊಡ್ಡಸ್ತಿಕೆಗೆ ಗಾಡಿಗಟ್ಟಲೆ ರೇಷ್ಮೆ ಕೊಟ್ಟು ಕಳಿಸೋರು. ಅವರು ರುಚಿ ಹತ್ತಿ ಮತ್ತೆ ಮತ್ತೆ ಬಂದ್ರು. ಕೊನೆಗೆ, ಕೆಲವು ವರ್ಷಕ್ಕೊಂದ್ಸಲ ಬಂದ್ರೆ ಸಾಕು ಅಂತ ಆಜ್ಞೆ ಹೊರಡಿಸಬೇಕಾಯ್ತು."

ಕಡಲೆಬೇಳೆ ಡಬ್ಬದ ತಳ ಕಂಡ ದಿನ ಅಪ್ಪ ತಾವೇ ಗೋಡೆ ಬಳಿ ಹೋಗಿ, ಇಷ್ಟು ಬೇಗ ಬೇಗ ತೊಂದರೆ ತೆಗೆದುಕೊಳ್ಳಬೇಡಿ ಎಂದು ಕಾಲೇಜು ಇಂಗ್ಲಿಷಿನಲ್ಲಿ ವಿನಯವಾಗಿ ಹೇಳಿ ಬಂದರು.

"ಏನಂದ್ರು?" ಎಂದೆ.

"ಗ್ರ್ಯಾಂಡ್, ಗ್ರ್ಯಾಂಡ್ ಅಂದ್ರು. ಇಲ್ಲಿ ಹಾಗಂದ್ರೆ ಸರಿ ಅಂತ ತಾನೇ? ಒಪ್ಕೊಂಡ್ರು ಅನ್ಸುತ್ತೆ."

ಮರುದಿನ ಎರಡು ಟಾರ್ಟ್ ಬಂದವು. ಒಂದು ಅಪ್ಪನಿಗೇ ಅಂತ ಬೇರೆ. ಪಾಪ, ಯಜಮಾನರಿಗೆ ಪಾಲು ಸಿಗುತ್ತಿಲ್ಲ ಎಂದುಕೊಂಡರಂತೆ ಅಜ್ಜಿ.

ಆಜ್ಞೆ ಅಂದ್ರೆ ಆಜ್ಞೆ

ಚಳಿಗಾಲದಲ್ಲಿ ಸೋಂಕು ಜೋರಾಯಿತು. ಅಮ್ಮನಿಗೆ ಉಬ್ಬಸ ಬೇರೆ. "ಇವತ್ತಿಂದ ಯಾರೂ ಗೋಡೆ ಹತ್ರ ಹೋಗೋ ಹಾಗಿಲ್ಲ" ಎಂದರು ಅಪ್ಪ.

"ಅಜ್ಜಿ ಒಬ್ಬರೇ ಇದಾರಲ್ರೀ" ಎಂದರು ಅಮ್ಮ.

"ಆಜ್ಞೆ ಅಂದ್ರೆ ಆಜ್ಞೆ."

ಅಮ್ಮ ಹ್ಞೂಂ ಎಂದರು. ಅಷ್ಟು ಸುಲಭಕ್ಕೆ ಒಪ್ಪುವ ಹೆಂಗಸಲ್ಲ ನಮ್ಮಮ್ಮ, ನಾನು ಆಗಲೇ ಯೋಚಿಸಬೇಕಿತ್ತು.

ಅದೇ ಹೊತ್ತಿಗೆ, ಬಹಳ ಒತ್ತಾಯ ಮಾಡಿದ ಮೇಲೆ, ಅಪ್ಪ ಎರಡನೆಯ ಉಪನ್ಯಾಸಕ್ಕೆ ಒಪ್ಪಿದರು. ವೈಫೈ ಚೆನ್ನಾಗಿ ಸಿಗುತ್ತದೆಂದು ಅಡುಗೆಮನೆಯ ಟೇಬಲ್ಲಿನಲ್ಲಿ ಕೂತರು. ಬೆನ್ನ ಹಿಂದೆ ಹಿತ್ತಲಿಗೆ ಹೋಗುವ ಗಾಜಿನ ಬಾಗಿಲು. ನಾನು ಮಹಡಿಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಕೇಳುತ್ತಿದ್ದೆ. ಎಂದಿನಂತೆ ಮುಖಗಳು ಮಾಯವಾಗತೊಡಗಿದವು, ಅಪ್ಪನ ದನಿ ಇಳಿಯಿತು. ಇದ್ದಕ್ಕಿದ್ದಂತೆ ಮುಖಗಳು ಮಾಯವಾಗುವುದು ನಿಂತಿತು. ಜನ ಪರದೆಗೆ ಮುಖ ಹತ್ತಿರ ತಂದರು. ಒಬ್ಬರು ಹೆಂಡತಿಯನ್ನು ಕೂಗಿ ಕರೆದರು, ಇನ್ನೊಬ್ಬರ ಮಕ್ಕಳೆಲ್ಲ ಬಂದು ಕೂತವು. ಅಪ್ಪನಿಗೆ ಆನೆಬಲ ಬಂತು.

ನಾನೂ ಸರಿಯಾಗಿ ನೋಡಿದೆ. ಅಪ್ಪನ ಹಿಂದೆ, ಗಾಜಿನಾಚೆ, ಅಮ್ಮ ಬಟ್ಟೆ ಒಣಹಾಕುವ ಕೋಲಿನ ತುದಿಗೆ ಟಿಫಿನ್ ಚೀಲ ಸಿಕ್ಕಿಸಿ ಗೋಡೆಯಾಚೆಗೆ ಚಾಚಿದ್ದರು. ಆ ಕಡೆಯ ಕೈಯೊಂದು ಅದನ್ನು ಬಿಡಿಸಿಕೊಂಡು ಇನ್ನೊಂದು ಪೊಟ್ಟಣ ತೂಗುಹಾಕುತ್ತಿತ್ತು.

ಅಷ್ಟರಲ್ಲಿ ಯಾರೋ ಹೇಳಿಯೇಬಿಟ್ಟರು: "ಸಾರ್, ಒಂದ್ಸಲ ಹಿಂದೆ ನೋಡಿ."

ಅಪ್ಪ ತಿರುಗಿ ನೋಡಿದರು. ಜನ ಕೂತಿದ್ದು ಯಾವುದಕ್ಕೆಂದು ಗೊತ್ತಾಯಿತು. ಕನ್ನಡಕ ತೆಗೆದು ಒರೆಸಿದರು. ಲ್ಯಾಪ್‌ಟಾಪ್ ಮುಚ್ಚಿಬಿಡುತ್ತಾರೆಂದೇ ಅಂದುಕೊಂಡೆ.

"ಈಗ ಮುಖ್ಯ ವಿಷಯಕ್ಕೆ ಬರೋಣ" ಎಂದರು ಅಪ್ಪ. "ಚಕ್ರವರ್ತಿ ಸಮುದ್ರ ವ್ಯಾಪಾರ ನಿಷೇಧಿಸಿದ. ಪರಿಣಾಮ ಏನಾಯ್ತು? ಕರಾವಳಿ ಉದ್ದಕ್ಕೂ ಕಳ್ಳಸಾಗಣೆ. ಅದರ ಚಿತ್ರ ನನ್ನ ಹಿಂದೆ ಇದೆ, ನೋಡ್ಕೊಳ್ಳಿ."

ಕೊನೆಯವರೆಗೂ ಒಬ್ಬರೂ ಏಳಲಿಲ್ಲ. ಪ್ರಶ್ನೆಗಳ ಮೇಲೆ ಪ್ರಶ್ನೆ. ನೈಟ್ ಡ್ಯೂಟಿಯ ಡಾಕ್ಟರೂ ಎರಡು ಕೇಳಿದರು. ನನಗೆ ಕಣ್ಣು ತುಂಬಿ ಬಂತು.

ಪೊಟ್ಟಣವನ್ನು ಶಾಲಿನಲ್ಲಿ ಮುಚ್ಚಿಕೊಂಡು ಒಳಗೆ ಬಂದ ಅಮ್ಮನಿಗೆ ನಡೆದದ್ದು ತಿಳಿದು ಮುಖ ಸಪ್ಪಗಾಯಿತು. "ನನ್ನಿಂದ ನಿಮ್ಮ ಉಪನ್ಯಾಸ ಹಾಳಾಯ್ತೇನ್ರೀ?"

ಅಪ್ಪ ಪೊಟ್ಟಣ ಬಿಚ್ಚಿ, ಅಜ್ಜಿ ಕಳಿಸಿದ್ದ ಸ್ಕೋನ್ ಬನ್ನೊಂದನ್ನು ಮುರಿದು ಬಾಯಿಗೆ ಹಾಕಿಕೊಂಡರು.

"ಮುಂದಿನ ಭಾನುವಾರ ಟಾಂಗ್ ವಂಶ. ನಾನು ಶುರು ಮಾಡಿದ ಸ್ವಲ್ಪ ಹೊತ್ತಿಗೆ ಕೋಲು ತಗೊಂಡು ಹೋಗು. ಒಂಚೂರು ಎಡಕ್ಕೆ ನಿಂತ್ಕೋ, ನನ್ನ ತಲೆ ಅಡ್ಡ ಬರುತ್ತೆ."